ಟೆಂಪೊದ ಕಬ್ಬಿಣಕ್ಕೆ ಒರಗಿದ ಗಿಟಾರ್

ನಿಪ್ಪಾಣಿಯ ಆ ವಾದ್ಯದಂಗಡಿಯವನು ಮೊದಲ ಹತ್ತು ನಿಮಿಷ ನನ್ನ ಮುಖವನ್ನೇ ನೋಡಲಿಲ್ಲ. ಪ್ರಶ್ನೆ ಕೇಳುತ್ತಿದ್ದವಳು ನಾನು. ಉತ್ತರ ಹೋಗುತ್ತಿದ್ದದ್ದು ನನ್ನ ಅಣ್ಣನಿಗೆ. ಅಣ್ಣ ದ್ರಾಕ್ಷಿಗೆ ಹೊಡೆಯುವ ಔಷಧ ಒಯ್ಯಲು ಬಂದವನು, ದಾರಿಯಲ್ಲಿ ನನ್ನನ್ನು ಜೊತೆಗೆ ಕರೆತಂದಿದ್ದ. ಗಿಟಾರಿಗೆ ಎಷ್ಟು ತಂತಿಗಳಿರುತ್ತವೆ ಎಂಬುದೂ ಅವನಿಗೆ ತಿಳಿದಿರಲಿಲ್ಲ.

"ಅಣ್ಣಾ, ತಂಗಿಗೆ ಸಾದಾ ಗಿಟಾರ್ ಕೊಡಸ್ರಿ. ಹಗುರ ಇರ್ತೈತಿ, ಬೆರಳಿಗೆ ತ್ರಾಸ ಆಗಂಗಿಲ್ಲ."

"ನನಗ ಎಲೆಕ್ಟ್ರಿಕ್ ಬೇಕ್ರಿ. ಆವಾಜ ಒಡದಂಗ ಬರೂ ಪೆಡಲ್ಲೂ ಬೇಕು," ಎಂದೆ.

"ಯಾವ ಪ್ಲೇಯರ್ ಗತೆ ಬಾರಸ್ಬೇಕಂತ ಕೇಳ್ರಿ ಇವರನ್ನ," ಎಂದ, ಮತ್ತೆ ಅಣ್ಣನಿಗೇ.

ನಾನು ಹೇಳಿದೆ. ವರಾತಿನ ಟೆಂಪೊ ಮೇಲೆ ನಿಂತು ಬಾರಿಸುತ್ತಿದ್ದ ಒಬ್ಬ ಮಾಸ್ತರರ ಹೆಸರನ್ನು ಹೇಳಿದೆ. ಆಗ ಅವನು ನನ್ನನ್ನು ನೋಡಿದ. "ಬೆಂಜೋ ಪಾರ್ಟಿಯವರಾ? ಅರೇ ದೇವಾ! ಅದೇನ್ ಟೋನ್ ಅಂತಾರೇನ್ರಿ? ಅದು ಗದ್ದಲ." ಹೀಗೆಂದು ನಕ್ಕು, ನಗು ಆರುವ ಮೊದಲೇ ಕಪಾಟಿನಿಂದ ಒಂದು ಪೆಡಲ್ ಇಳಿಸಿ ನನಗೆ ಮಾರಿದ. ಗದ್ದಲವೆಂದು ತಾನೇ ತಿರಸ್ಕರಿಸಿದ್ದನ್ನು ಮಾರಲು ಅವನಿಗೆ ಸಂಕೋಚವೆನಿಸಲಿಲ್ಲ. ಈ ಬರಹದಲ್ಲಿ ಮುಂದೆ ಬರುವ ಎಲ್ಲ ಅಪ್ರಾಮಾಣಿಕತೆಗಳ ಪೈಕಿ ಅವನದು ತೀರ ಚಿಕ್ಕದು. ಅವನನ್ನು ಇಲ್ಲಿಗೇ ಬಿಡುತ್ತೇನೆ.

ನಮ್ಮ ಗಡಿಭಾಗದಲ್ಲಿ ಮದುವೆಯ ಮೆರವಣಿಗೆಯೇ ವರಾತ್. ಅದರ ಮುಂದೆ ಟೆಂಪೊದೊಡನೆ ಸಾಗುವ ವಾದ್ಯದವರು ಬೆಂಜೋ ಪಾರ್ಟಿಯವರು. ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ನುಡಿಸುವ ತಂತಿವಾದ್ಯಕ್ಕೆ ಇಲ್ಲಿ ಬೆಂಜೋ ಎಂದು ಹೆಸರು. ಚಿಕ್ಕೋಡಿಯ ಒಂದು ಪಾರ್ಟಿಯಲ್ಲಿ ಮಾತ್ರ ಆ ಜಾಗದಲ್ಲಿ ಎಲೆಕ್ಟ್ರಿಕ್ ಗಿಟಾರ್ ಇತ್ತು. ಅದನ್ನು ಬಾರಿಸುತ್ತಿದ್ದವರು ರಾಯಬಾಗದ ಕಡೆಯ, ಎರಡು ಎಮ್ಮೆ ಮತ್ತು ಸ್ವಲ್ಪ ಹೊಲ ಇದ್ದ, ಸದಾ ಬಿಳಿ ಪೈಜಾಮ ತೊಡುತ್ತಿದ್ದ ಮನುಷ್ಯ. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಯಾವ ಶಾಲೆಯ ಮಾಸ್ತರರೂ ಅವರಾಗಿರಲಿಲ್ಲ.

ಅವರನ್ನು ನಾನು ಮೊದಲು ಕೇಳಿದ್ದು ಅಥಣಿಯಲ್ಲಿ, ಸೋದರತ್ತೆಯ ಮಗಳ ಮದುವೆಯಲ್ಲಿ. ಆಗ ಒಂಬತ್ತನೆಯ ತರಗತಿ. ಮದುಮಗ ಹಣಮಪ್ಪನ ಗುಡಿಗೆ ನಮಸ್ಕಾರಕ್ಕೆ ಇಳಿದಾಗ ಹಲಗಿ, ತಾಷೆಗಳ ಬಡಿತವೆಲ್ಲ ನಿಲ್ಲಬೇಕು, ಅದು ಪದ್ಧತಿ. ಅವನು ಗುಡಿಯೊಳಗಿಂದ ಹೊರಬರುವವರೆಗೆ ಗಿಟಾರ್ ಒಂದೇ ನುಡಿಯಬೇಕು. ಅದು ಆ ಪಾರ್ಟಿ ತಾನೇ ಮಾಡಿಕೊಂಡ ಪದ್ಧತಿ. ನಾವು ಹುಡುಗಿಯರು ಮಾಳಿಗೆಯ ಮೇಲಿದ್ದೆವು. ಸ್ವರ ಏರುವ ಮೊದಲು ಒಂದು ಕ್ಷಣ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಏರಿದ ಮೇಲೆ ಇಳಿಯಲು ಒಪ್ಪಲಿಲ್ಲ. ಅಂಚು ಹರಿದ ತಗಡಿನಂತೆ, ಒಳಗೊಂದು ನಡುಕ. ಆ ನಡುಕ ಬೆರಳಿನದಲ್ಲ, ಬೇರೆಲ್ಲಿಂದಲೋ ಬಂದದ್ದು. ಎದುರು ಮನೆಯ ಪತ್ರಾಸಿನ ಚಾವಣಿಯ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ನಾನು ಎದ್ದು ಹೋಗಲಿಲ್ಲ.

ಆ ಸ್ವರವನ್ನು ನನ್ನ ಕೈಯಲ್ಲಿ ಹುಟ್ಟಿಸಬೇಕೆಂಬ ಹಟ ಅಂದೇ ಹುಟ್ಟಿತು. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಕೋಣೆಯಲ್ಲಿ ನಾನು ನಡೆಸಿದ್ದು ಸಂಗೀತಾಭ್ಯಾಸವಲ್ಲ, ಒಂದು ಬಗೆಯ ವಿಚಾರಣೆ. ಮೊಬೈಲಿನಲ್ಲಿ ಗಿಟಾರ್ ಪಂಡಿತರ ಪಾಠಗಳನ್ನು ಕೇಳುತ್ತಿದ್ದೆ. ಈ ಮರ, ತಂತಿಯ ಕಂಪನ ಹಿಡಿಯುವ ಆ ಪಿಕಪ್, ಇಷ್ಟು ದಪ್ಪದ ತಂತಿ, ಇಂಥ ದೇಶದಲ್ಲಿ ಮಾಡಿದ, ಧ್ವನಿ ಒಡೆಯುವ ಫಝ್ ಪೆಡಲ್ ಇದ್ದರೆ ನಿನ್ನ ಆರಾಧ್ಯನ ಧ್ವನಿ ನಿನ್ನದು ಎಂದು ಅವರು ಮುಖದ ಗೆರೆ ಕದಲಿಸದೆ ಹೇಳುತ್ತಿದ್ದರು. ಅವರ ಯಾವ ಪಟ್ಟಿಯಲ್ಲೂ ಟೆಂಪೊ ಇರಲಿಲ್ಲ. ವರಾತಿನ ಧೂಳು ತಿಂದ ಮನುಷ್ಯನೊಬ್ಬ ಯಾರದಾದರೂ ಆರಾಧ್ಯನಾಗಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ. ನಿಪ್ಪಾಣಿಯ ಪೆಡಲ್ ಜೇನುಹುಳುವಿನಂತೆ ಗುಂಯ್‌ಗುಟ್ಟಿತು. ಆಮೇಲೆ ಕೊಂಡದ್ದು ಕೆಮ್ಮಿತು. ಸ್ವರ ಎರಡು ಕ್ಷಣ ನಿಂತು ಸಾಯುತ್ತಿತ್ತು. ಮಾಸ್ತರರದು ಮದುಮಗ ಗುಡಿಯ ಮೆಟ್ಟಿಲಿಳಿಯುವವರೆಗೂ ಬದುಕಿರುತ್ತಿತ್ತು.

ಓದು ಮುಗಿಸಿ ಕಾಗವಾಡಕ್ಕೆ ಮರಳಿದ ವರ್ಷ ಅವರನ್ನೇ ಹುಡುಕಿಕೊಂಡು ಹೋದೆ. ಚಿಂಚಲಿಗೆ ಹೋಗುವ ರಸ್ತೆಯಲ್ಲಿ ಇಳಿದು, ಕಬ್ಬಿನ ನಡುವಿನ ಕಾಲುದಾರಿ ಹಿಡಿದು, ಅವರ ತೋಟದ ಮನೆಗೆ. ಎಮ್ಮೆಗೆ ನೀರು ಕುಡಿಸುತ್ತಿದ್ದ ಅವರ ಹೆಂಡತಿ, ನಾನು ಮೊದಲ ದಿನವೇ ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎಂದು ಕರೆದವರು, ಬಕೆಟ್ ಕೆಳಗಿಡದೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಮಾಸ್ತರರನ್ನ ಭೇಟಿ ಆಗ್ಬೇಕಿತ್ತರಿ."

"ಭೇಟಿ ಆಗಬೇ, ಯಾರ್ ಬ್ಯಾಡಂದ್ರು? ಆದ್ರ ಒದರಿ ಮಾತಾಡು. ಅವರ ಕಿಂವಿ ಎರಡೂ ವರಾತಿಗೆ ಹೋಗ್ಯಾವು, ಇನ್ನಾ ತಿರುಗಿ ಬಂದಿಲ್ಲ."

ಅದು ಹಾಸ್ಯವೆಂದು ನಗಹೊರಟವಳು ನಡುವೆಯೇ ನಿಂತೆ. ಮಾಸ್ತರರ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ದಪ್ಪ ದನಿಗಳಷ್ಟೇ ದಕ್ಕುತ್ತಿದ್ದವು. ಟೆಂಪೊದಲ್ಲಿ ಅವರು ನಿಲ್ಲುವ ಜಾಗದ ಹಿಂದೆ, ತಲೆಯ ಮಟ್ಟಕ್ಕೆ, ಭೋಂಗಾ ಕಟ್ಟುತ್ತಿದ್ದರಂತೆ: ಗುಡಿ, ಮಸೀದಿ, ಸಭೆಗಳಲ್ಲಿ ಕಾಣುವ ಅಗಲ ಬಾಯಿಯ ಆ ಧ್ವನಿವರ್ಧಕ. ಗಿಟಾರಿನ ಆವಾಜು ಮುಂದೆ ಕುಣಿಯುವವರ ಎದೆಗೆ ಬಡಿಯಬೇಕೆಂಬುದು ಪಾರ್ಟಿಯ ಮಾಲೀಕನ ಹುಕುಂ. ಅದು ಎದೆಗೆ ಬಡಿಯುವ ಮೊದಲು ದಾಟಿಹೋಗಬೇಕಾಗಿದ್ದದ್ದು ಈ ಮನುಷ್ಯನ ಕಿವಿಗಳನ್ನು. ಶ್ರುತಿ ಕೇಳಿಸದಂತಾದಾಗ ಮಾಲೀಕ ಅವರನ್ನು ಇಳಿಸಿ, ಅವರ ಗಿಟಾರನ್ನೇ ಧ್ವನಿಮುದ್ರಿಸಿ ತುಂಬಿದ ಕೀಬೋರ್ಡನ್ನು ಏರಿಸಿದ. ಈಗ ವರಾತುಗಳಲ್ಲಿ ಕೇಳುವುದು ಅವರದೇ ಧ್ವನಿ, ಅವರಿಲ್ಲದೆ.

ಕಾಕು ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಾಗದ ತಂದರು. ಕಲಾವಿದರ ಮಾಸಾಶನದ ಅರ್ಜಿ. ಬೇಕಾದದ್ದೆಲ್ಲ ತುಂಬಿತ್ತು, ಒಂದು ದಾಖಲೆ ಇರಲಿಲ್ಲ. ಇವರು ನಮ್ಮ ತಂಡದಲ್ಲಿ ಇಷ್ಟು ವರ್ಷ ವಾದ್ಯ ನುಡಿಸಿದ ಕಲಾವಿದರು ಎಂದು ತಂಡದ ಮುಖ್ಯಸ್ಥ ಬರೆದು ಸಹಿ ಹಾಕಿದ ಪತ್ರ.

"ಎರಡ ವರ್ಷ ಆತು, ಚಪ್ಪಲಿ ಹರದು. ಮಾಲಕ ಏನಂತಾನ ಗೊತ್ತೈತೇನ? 'ಲೈಟಿನ ಜನರೇಟರ್ ನೋಡ್ಕೋತಿದ್ದ ಆಳು ಅಂತ ಬರ್ಕೊಡ್ತೀನಿ, ಬೇಕಂದ್ರ ಒಯ್ಯಿರಿ.' ನೀ ಕಲತಾಕಿ ಅದೀ. ಕೇಳ ಹೋಗಿ."

ಆ ಪತ್ರಕ್ಕಾಗಿ ನಾನು ಚಿಕ್ಕೋಡಿಗೆ ಹೋದೆ. ಹೋಗುವಾಗ ನನ್ನ ಚೀಲದಲ್ಲಿ ಮಾಹಿತಿ ಹಕ್ಕು, ಕಾರ್ಮಿಕ ಕಾನೂನು, ಶ್ರವಣದೋಷದ ಕುರಿತ ಮುದ್ರಿತ ಹಾಳೆಗಳಿದ್ದವು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಇದನ್ನೇ: ಹೊಣೆಗಾರಿಕೆಯನ್ನು ದಾಖಲೆಯ ಮೂಲಕ ಕೇಳಬೇಕು. ಮಾಲೀಕನ ಅಂಗಳದಲ್ಲಿ ಟೆಂಪೊ ನಿಂತಿತ್ತು. ಅದರ ಬದಿಯ ಬ್ಯಾನರಿನಲ್ಲಿ ಅವನದೇ ಭಾವಚಿತ್ರ. ಕೆಳಗೆ, ಗಡಿನಾಡಿನ ಅಸಲಿ ಗಿಟಾರ್ ಆವಾಜಿನ ಜನಕ ಎಂಬ ಬಿರುದು. ಒಂದು ತಂತಿಯನ್ನೂ ಎಂದೂ ಮುಟ್ಟದ ಮನುಷ್ಯ.

ಕುರ್ಚಿ ಕೊಟ್ಟ, ಚಹಾ ತರಿಸಿದ. ನನ್ನ ಹಾಳೆಗಳನ್ನು ಮುಟ್ಟಲಿಲ್ಲ.

"ಭೋಂಗಾ ಅವರ ತಲಿ ಹಿಂದ ಕಟ್ಟಿದವರು ಯಾರ್ರಿ?" ಎಂದೆ.

"ಅವ ಅಲ್ಲೇ ಯಾಕ ನಿಂತಾ? ಗಾಡಿ ಅಷ್ಟ ದೊಡ್ಡದೈತಿ."

"ಗಿಟಾರ್ ಬಾರಿಸಿದವರು ಯಾರು?"

"ನೋಡ ತಂಗಿ, ಆ ಆವಾಜ ಮಷೀನಿಂದು. ಆಂಪ್ಲಿಫಾಯರ್ ನಂದು, ಭೋಂಗಾ ನಂದು, ಗಾಡಿ ನಂದು. ಅಂವ ನಡುವ ತಂತಿ ತಿಕ್ಕಾಂವ. ಯಾರ ತಿಕ್ಕಿದ್ರೂ ಅದ ಬರ್ತೈತಿ."

"ಬರಂಗಿಲ್ಲ. ನಾನು ವರ್ಷಗಟ್ಟಲೆ ತಿಕ್ಕೇನಿ."

ಅವನು ಹೊಸ ಆಸಕ್ತಿಯಿಂದ ನನ್ನತ್ತ ವಾಲಿದ. ಹೆಣ್ಣುಮಗಳು ಗಿಟಾರ್ ಬಾರಿಸುತ್ತಾಳೆಂಬ ಸುದ್ದಿ ಅವನಿಗೆ ಮನರಂಜನೆಯಾಗಿತ್ತು. "ಹಂಗಾರ ಒಂದ ಕೆಲಸ ಮಾಡೂಣು. ಬರೂ ಐತವಾರ ನನ್ನ ಗಾಡಿ ಮ್ಯಾಲ, ನನ್ನ ಮಷೀನಿಗೆ ಹಚ್ಚಿ ನೀನ ಬಾರ್ಸು. ಅವನ ಗತೆ ಬರ್ಲಿಲ್ಲಂದ್ರ ಕಲಾವಿದ ಅಂತ ಬರದು ಸಹಿ ಮಾಡ್ತೀನಿ. ಬಂತಂದ್ರ, ಈ ಕಾಗದಾ ಎಲ್ಲಾ ತಗೊಂಡ ಮನಿಗೆ ಹೋಗು. ಕಬೂಲ್?"

ಕಬೂಲ್ ಎಂದೆ. ಇಷ್ಟು ಸುಲಭವಾಗಿ ಸೋಲುವ ಅವಕಾಶವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನನ್ನ ವರ್ಷಗಳ ವೈಫಲ್ಯ ಮೊದಲ ಬಾರಿಗೆ ಒಬ್ಬರ ಉಪಯೋಗಕ್ಕೆ ಬರುವಂತಿತ್ತು. ಹೋಗಿ ಎಂದಿನಂತೆ ಬಾರಿಸಿದರೆ ಸಾಕು, ಪತ್ರ ಕೈಯಲ್ಲಿ.

ಅಲ್ಲಿಗೆ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ.

ಗುರುವಾರ ಮತ್ತೆ ತೋಟದ ಮನೆಗೆ ಹೋದೆ, ಗಿಟಾರ್ ಮತ್ತು ಪುಟ್ಟ ಆಂಪ್ಲಿಫಾಯರ್ ಹೊತ್ತುಕೊಂಡು. ಕರಾರಿನ ಸುದ್ದಿ ತಿಳಿಸುವುದು ನೆಪ. ಮನಸ್ಸಿನಲ್ಲಿದ್ದದ್ದು ಬೇರೆ: ಆ ಸ್ವರದ ಗುಟ್ಟನ್ನು ಇನ್ನೆಂದೂ ಕೇಳಲಾಗದಿದ್ದರೆ ಎಂಬ ಆಸೆಬುರುಕತನ. ಕಟ್ಟೆಯ ಮೇಲೆ ಕುಳಿತು ಬಾರಿಸಿ ತೋರಿಸಿದೆ. ಮಾಸ್ತರರಿಗೆ ಕೇಳಿಸುವುದಿಲ್ಲ, ನನ್ನ ಎಡಗೈಯನ್ನು ಮಾತ್ರ ದಿಟ್ಟಿಸಿದರು. ಬೆಂಜೋ ಗುಂಡಿಯಂತೆ ಒಂದೇ ಬೆರಳಿನಿಂದ ಜಾರಿಸುವ ಅವರ ರೂಢಿಯನ್ನು ನಾನು ಟೆಂಪೊದ ಹಿಂದೆ ನಡೆದು ನಡೆದು ಕದ್ದಿದ್ದೆ. ಅದನ್ನು ಗುರುತಿಸಿದ ಸುಳಿವು ಅವರ ಮುಖದಲ್ಲಿ ಕಾಣಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು:

"ಕುಂತ ಬಾರಸ್ತೀ ಏನು? ಗಾಡಿ ಎಲ್ಲೈತಿ?"

"ಯಾವ ಗಾಡಿರಿ?" ಎಂದು ಅವರ ಎಡಗಿವಿಗೆ ಕೂಗಿದೆ.

ಹಟ್ಟಿಯ ಬಾಗಿಲಲ್ಲಿದ್ದ ಕಾಕು ತಟ್ಟನೆ ತಿರುಗಿದರು. "ಹೇಳಬ್ಯಾಡ್ರಿ! ಕೇಳಸ್ತೇನ್ರಿ? ಆಕಿಗಿ ಏನೂ ಹೇಳಬ್ಯಾಡ್ರಿ. ಐತವಾರ ಮುಗೀಲಿ, ಆಮ್ಯಾಲ ಬೇಕಾದ್ದ ಹೇಳ್ರಿ."

ಕೇಳಿಸಿತೋ ಇಲ್ಲವೋ. ಅವರು ನನ್ನ ಕೈಯಿಂದ ಗಿಟಾರ್ ತೆಗೆದುಕೊಂಡು ಎದ್ದು ನಿಂತರು. ಅದರ ತಲೆಯ ತುದಿಯನ್ನು, ತಂತಿ ಬಿಗಿಸುವ ಕಿವಿಗಳಿರುವ ಆ ಜಾಗವನ್ನು, ಕಿಟಕಿಯ ಕಬ್ಬಿಣದ ಸರಳಿಗೆ ಒತ್ತಿದರು.

"ಹಿಂಗ. ಗಾಡೀದು ಕಬ್ಬಿಣಕ್ಕ ಒರಗಿಸಿ ನಿಲ್ಲಬೇಕು. ಇಂಜಿನ್ ಚಾಲೂ ಇರ್ಬೇಕು, ಗೇರ್ ಇರಬಾರ್ದು. ಕಬ್ಬಿಣ ನಡಗ್ತೈತಿ, ನಡಕ ಕಟಗೀಗ ಬರ್ತೈತಿ, ಕಟಗಿ ತಂತೀನ ಸಾಯಾಕ ಬಿಡಂಗಿಲ್ಲ. ಭೋಂಗಾ ಅದ ಕಬ್ಬಿಣಕ್ಕ ಕಟ್ಟಿರ್ತಾರಲ್ಲ, ಅದೂ ಬಂದ ಕೂಡ್ತೈತಿ."

ಪೆಡಲ್‌ಗಳ ಮೇಲೆ ನಾನು ಕಳೆದ ವರ್ಷಗಳೆಲ್ಲ ಆ ಕಿಟಕಿಯ ಮುಂದೆ ಮೂರ್ಖವಾಗಿ ನಿಂತವು. ಅವರು ಒರಗಿ ನಿಲ್ಲುವುದನ್ನು ಕಂಡಿದ್ದೆ, ದಣಿವೆಂದುಕೊಂಡಿದ್ದೆ. ಮಾಳಿಗೆಯ ಮೇಲೆ ನಾನು ಕೇಳಿದ ನಡುಕ ಟೆಂಪೊದ ಇಂಜಿನ್ನಿನದು. ಸ್ವರ ಸಾಯದಿರುತ್ತಿದ್ದದ್ದು ಅವರ ಬೆನ್ನ ಹಿಂದಿನ ಭೋಂಗಾ ಕಬ್ಬಿಣದ ಮೂಲಕ ತಂತಿಯನ್ನು ಮತ್ತೆ ಮತ್ತೆ ಎಬ್ಬಿಸುತ್ತಿದ್ದದ್ದರಿಂದ. ಹಾಗಾಗಿ ಅವರು ಅಲ್ಲಿಯೇ ನಿಲ್ಲಬೇಕಿತ್ತು. ನಾನು ಆರಾಧಿಸಿದ ಧ್ವನಿಯೂ ಅವರ ಕಿವಿಯನ್ನು ತಿಂದದ್ದೂ ಒಂದೇ ಕಬ್ಬಿಣದಿಂದ ಬಂದವು.

"ಇದನ್ನ ಯಾರಿಗರೆ ಹೇಳಿದ್ರೇನ್ರಿ?" ಎಂದು ಮತ್ತೆ ಕೂಗಿದೆ.

"ಯಾರೂ ಕೇಳಿರ್ಲಿಲ್ಲ," ಎಂದರು. ಅವರ ಮುಖ ಹಬ್ಬದ ದಿನದಂತಿತ್ತು.

ಕಾಕು ಸೆಗಣಿಯ ಪುಟ್ಟಿ ಎತ್ತಿಕೊಂಡು ಹೊರಟೇ ಹೋದರು.

ಭಾನುವಾರ ಹನ್ನೊಂದು ಗಂಟೆಗೆ ಚಿಕ್ಕೋಡಿಯ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಬಸ್ಸಿನಲ್ಲಿ ಕಾಕು ನನಗೆ ಒಂದೇ ಮಾತು ಹೇಳಿದ್ದರು: "ಇವತ್ತ ಒಂದಿನ ಕೈ ಸುಮ್ಮ ಇಟ್ಕೋ, ನಮ್ಮವ್ವ." ನಾನು ತಲೆಯಾಡಿಸಿದ್ದೆ. ಮಾಸ್ತರರು ಇಸ್ತ್ರಿ ಮಾಡಿದ ಪೈಜಾಮ ತೊಟ್ಟಿದ್ದರು. ಪಾರ್ಟಿಯ ಹಲಗಿಯವರು ಗೋಡೆಯ ನೆರಳಿನಲ್ಲಿ ತಂಬಾಕು ತಿಕ್ಕುತ್ತ ಕುಳಿತಿದ್ದರು. ಮಾಸ್ತರರ ಜೊತೆಗೇ ವಯಸ್ಸಾದವರು, ಯಾರು ಬಾರಿಸುತ್ತಿದ್ದರೆಂದು ಚೆನ್ನಾಗಿ ಬಲ್ಲವರು. ಒಬ್ಬರೂ ಬಾಯಿ ತೆರೆಯಲಿಲ್ಲ. ಅವರ ಮೌನವನ್ನೂ ನಾನು ದಾಖಲಿಸುತ್ತಿದ್ದೇನೆ.

"ಹೆಣ್ಮಗಳು ಏರಾಕತ್ತಾಳ, ಇಂಜಿನ್ ಚಾಲೂ ಮಾಡ್ರೋ," ಎಂದು ಮಾಲೀಕನೇ ಕೂಗಿದ. ಆಂಪ್ಲಿಫಾಯರಿಗೆ ಕರೆಂಟು ಟೆಂಪೊದ ಬ್ಯಾಟರಿಯದು. ಇಂಜಿನ್ ನಿಲ್ಲಿಸಿದರೆ ಬ್ಯಾಟರಿ ಇಳಿದು ಅದೂ ನಿಲ್ಲುತ್ತದೆ. ಅವನ ಮಟ್ಟಿಗೆ ಅಷ್ಟೇ.

ಹತ್ತಿದೆ. ಗಿಟಾರಿಗೆ ವೈರ್ ಜೋಡಿಸಿದೆ. ನಡುವೆ ನಿಂತು, ಕಬ್ಬಿಣದಿಂದ ದೂರ, ನಾಲ್ಕು ಸ್ವರ ಬಾರಿಸಿದೆ. ಧ್ವನಿ ಒಣಗಿತ್ತು, ಸಪ್ಪೆಯಾಗಿತ್ತು, ಸುಳ್ಳಾಗಿತ್ತು. ಹಲಗಿಯವನೊಬ್ಬ ನಕ್ಕ. ಕಾಕುವಿನ ಹೆಗಲು ಸಡಿಲವಾದದ್ದನ್ನು ನಾನು ಮೇಲಿನಿಂದ ಕಂಡೆ. ಮಾಲೀಕ ಜೇಬಿನ ಪೆನ್ನು ಮುಟ್ಟಿಕೊಂಡು, "ಇಷ್ಟೇನ?" ಎಂದ.

ಇಷ್ಟೇ ಎಂದು ಹೇಳಿ ಇಳಿಯಬಹುದಿತ್ತು. ಕರಾರು ಗೆದ್ದಿದ್ದೆ. ಆದರೆ ನನ್ನ ಮುಂದೆ ಒಂದೇ ಹೆಜ್ಜೆಯಲ್ಲಿ ಟೆಂಪೊದ ಆ ಸರಳಿತ್ತು, ಬಣ್ಣ ಹೋಗಿ ಒಂದು ಜಾಗದಲ್ಲಿ ನುಣುಪಾಗಿ ಹೊಳೆಯುತ್ತಿದ್ದ ಸರಳು. ಅಷ್ಟು ವರ್ಷ ಒಂದೇ ಗಿಟಾರ್ ಒರಗಿ ಸವೆಸಿದ ಜಾಗ. ನಾನು ಒರಗಿಸಿದೆ.

ಮರದೊಳಗೆ ಇಳಿದ ನಡುಕ ಮೊದಲು ಮುಂಗೈಗೆ, ಆಮೇಲೆ ಹಲ್ಲಿಗೆ ತಾಗಿತು. ಬೆರಳು ಜಾರಿಸಿದೆ. ಸ್ವರ ಗಂಟಲಲ್ಲಿ ಸಿಕ್ಕಿಕೊಂಡು, ಏರಿ, ಅಲ್ಲಿಯೇ ನಿಂತಿತು. ಅಥಣಿಯ ಮಾಳಿಗೆಯಿಂದ ಇಲ್ಲಿಯವರೆಗೆ ನಾನು ಬೆನ್ನು ಹತ್ತಿದ್ದದ್ದು ನನ್ನ ಕೈಯಲ್ಲಿತ್ತು. ನಾನು ಅದನ್ನು ಬಿಡಲಿಲ್ಲ. ಗುಡಿಯ ಮುಂದಿನ ಆ ನಿಧಾನದ ಧಾಟಿಯನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಸ್ವರ ತಪ್ಪದೆ ಬಾರಿಸಿದೆ. ಹಲಗಿಯವರ ಕೈ ತಂಬಾಕಿನ ಮೇಲೆ ನಿಂತಿತ್ತು. ಮಾಸ್ತರರು ಹತ್ತಿರ ಬಂದು ಟೆಂಪೊದ ಬದಿಗೆ ಎರಡೂ ಅಂಗೈ ಊರಿ, ಹಣೆ ತಗ್ಗಿಸಿ ನಿಂತರು. ಅವರಿಗೆ ಕೇಳುವ ದಾರಿ ಅದೊಂದೇ ಉಳಿದಿತ್ತು.

ಮುಗಿದಾಗ ಮಾಲೀಕ ಚಪ್ಪಾಳೆ ತಟ್ಟಿದ. "ಶಾಬ್ಬಾಸ್! ಅದ ಆವಾಜ, ಹೌದಿಲ್ಲ? ಎಲ್ಲಾರೂ ಕೇಳಿದ್ರಿ. ಗಾಡಿ ಯಾರ್ದು? ಭೋಂಗಾ ಯಾರ್ದು? ತಂಗಿ, ಕಾಗದಾ ಮಡಚ್ಕೋ."

ಇದು ತರ್ಕವಲ್ಲ, ಕಳ್ಳತನ ಎಂದೆ. ಒಂದು ಧ್ವನಿಯನ್ನು ಮೊದಲು ಕಂಡುಹಿಡಿದವರ ಹಾಗೆ ಇನ್ನೊಬ್ಬರು ಬಾರಿಸಿದರೆ ಕಂಡುಹಿಡಿದವರು ಇರಲೇ ಇಲ್ಲವೆಂದಾಗುತ್ತದೆಯೇ ಎಂದು ಕೇಳಿದೆ. ಸರಳಿನ ಆ ಸವೆದ ಜಾಗ ತೋರಿಸಿ, ಇದನ್ನು ಸವೆಸಿದ್ದು ಜನರೇಟರ್ ನೋಡಿಕೊಳ್ಳುವ ಆಳೇ ಎಂದು ಕೂಗಿದೆ. ಎಲ್ಲವೂ ಸರಿಯಾದ ಮಾತುಗಳೇ. ಸರಿಯಾದ ಮಾತುಗಳನ್ನು ಆಡುವ ಅಧಿಕಾರವನ್ನು ನಾನು ಐದು ನಿಮಿಷ ಹಿಂದೆ ಕಳೆದುಕೊಂಡಿದ್ದೆ, ಅದೂ ಒಂದು ಸೊಗಸಾದ ಸ್ವರಕ್ಕಾಗಿ. ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಒಳಗೆ ಹೋದ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೂವರೂ ಕುಳಿತೆವು. ರಾಯಬಾಗದ ಬಸ್ಸು ತಡವಾಗಿತ್ತು. ಕಾಕು ಕೇಳಿದರು, ನನ್ನನ್ನು ನೋಡದೆ:

"ಇಷ್ಟ ಕಲ್ತೀ. ತಪ್ಪ ಬಾರ್ಸೂದು ಒಂದ ಕಲೀಲಿಲ್ಲೇನಬೇ?"

ಮಾಸ್ತರರ ಅರ್ಜಿಯಲ್ಲಿ ಶಿಷ್ಯರಿದ್ದರೆ ವಿವರ ಎಂಬ ಸಾಲೊಂದು ಖಾಲಿಯಿತ್ತು. ಚೀಲದಿಂದ ಪೆನ್ನು ತೆಗೆದು ಅದರಲ್ಲಿ ನನ್ನ ಹೆಸರು ಬರೆದೆ; ತಪ್ಪನ್ನು ತಿದ್ದುವ ಅವಸರ. ಮಾಸ್ತರರು ಅದನ್ನು ಓದಿದರು. ಪೆನ್ನು ಇಸಿದುಕೊಂಡು ನನ್ನ ಹೆಸರಿನ ಮೇಲೆ ನೇರವಾದ ಗೆರೆ ಎಳೆದರು.

"ನಾ ನಿನಗ ಕಲ್ಸಿಲ್ಲ. ಒಂದಿನ ಹೇಳಿದ್ನಿ, ಅಷ್ಟ. ಕಲ್ಸಿಲ್ಲದ್ದ ಕಲ್ಸೇನಿ ಅಂತ ಹ್ಯಾಂಗ ಬರೀಲಿ?" ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದರು. "ಕಡೀಕ ಸ್ವಲ್ಪ ಗಡಬಡಿ ಮಾಡ್ದಿ. ಮದುಮಗ ಇನ್ನಾ ಗುಡಿಯಾಗ ಇರ್ತಾನ. ಅವಸರ ಯಾಕ?"

"ಇಬ್ಬರೂ ಒಂದ ಗಾಡಿ ಏರೂವಂಥವ್ರ ಅದೀರಿ," ಎಂದರು ಕಾಕು. ಅದು ಮೆಚ್ಚುಗೆಯಾಗಿರಲಿಲ್ಲ.

ಮಾಲೀಕ ಹೊಣೆಗಾರ. ಅವನ ಬ್ಯಾನರು, ಅವನ ಭೋಂಗಾ, ಅವನು ಹಾಕದ ಸಹಿ, ಮೂರಕ್ಕೂ ಅವನಿಂದ ಉತ್ತರ ಪಡೆಯುವವರೆಗೆ ನಾನು ಸುಮ್ಮನಿರುವುದಿಲ್ಲ. ಇದನ್ನು ಅವನು ಓದುತ್ತಾನೆಂದೇ ಬರೆಯುತ್ತಿದ್ದೇನೆ. ಹಾಗೆಯೇ ಕೈಗೆ ಬಂದಿದ್ದ ಪತ್ರವನ್ನು ಬಿಟ್ಟುಕೊಟ್ಟವಳು ನಾನು. ಅದಕ್ಕೆ ಹೊಣೆಗಾರಳು ನಾನೊಬ್ಬಳೇ. ಆದ್ದರಿಂದ ಪತ್ರಕ್ಕೆ ಬದಲು ಸಾಕ್ಷ್ಯ ಹುಡುಕುವ ಕೆಲಸವೂ ನನ್ನದೇ. ಈ ತಾಲೂಕುಗಳಲ್ಲಿ ಮದುವೆಯ ವಿಡಿಯೊ ಇಲ್ಲದ ಮನೆ ಅಪರೂಪ. ಮನೆ ಮನೆಗೆ ಹೋಗಿ ಟಿ.ವಿ. ಕೆಳಗಿನ ಕಪಾಟಿನಲ್ಲಿರುವ ಸಿಡಿಗಳನ್ನು ಕೇಳುತ್ತಿದ್ದೇನೆ. ಯಾರೋ ಸತ್ತ ಸೋದರಮಾವನನ್ನು ತೋರಿಸಿ ಅಳುತ್ತಾರೆ, ಯಾರೋ ಚಹಾ ಕೊಡುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಕ್ಯಾಮೆರಾ ಹಿಡಿದವರೆಲ್ಲ ಕುಣಿಯುವ ದೊಡ್ಡ ಮನುಷ್ಯರ ಮುಖಗಳನ್ನೇ ಹಿಡಿದಿದ್ದಾರೆ. ಟೆಂಪೊದ ಮೇಲೆ ನಿಂತವರ ಕಡೆಗೆ ತಿರುಗಿದವರೇ ಇಲ್ಲ.

ಹೋದ ವಾರ ಅಥಣಿಯ ಅತ್ತೆಯ ಮನೆಯ ಸಿಡಿ ಸಿಕ್ಕಿತು. ಹಣಮಪ್ಪನ ಗುಡಿ, ಮೆಟ್ಟಿಲಿಳಿಯುವ ಮದುಮಗ. ಅವನ ಬಾಸಿಂಗದ ಪಕ್ಕದಲ್ಲಿ, ಚಿತ್ರದ ಅಂಚಿಗೆ, ಕಬ್ಬಿಣದ ಸರಳಿಗೆ ಒರಗಿದ ಗಿಟಾರಿನ ತಲೆ, ಅದರ ಕೆಳಗೆ ಜಾರುವ ಒಂದು ಬೆರಳು, ಬಿಳಿ ತೋಳು, ಒಂದು ಕ್ಷಣ ಇತ್ತ ತಿರುಗಿದ ಮುಖ. ಆ ಜಾಗದ ನಿಮಿಷವನ್ನೂ ಸೆಕೆಂಡನ್ನೂ ಸಿಡಿಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದಿದ್ದೇನೆ. ಸೋಮವಾರ ಅದನ್ನು ಅರ್ಜಿಯ ಜೊತೆ ಲಗತ್ತಿಸಿ ಕಚೇರಿಗೆ ಕೊಡುತ್ತೇನೆ. ಶಿಷ್ಯರ ಸಾಲಿನಲ್ಲಿ ಗೆರೆ ಎಳೆದ ನನ್ನ ಹೆಸರು ಹಾಗೆಯೇ ಇರುತ್ತದೆ.